ಗಾಡಿ ಎಲ್ಲಿವರೆಗೆ ಬಂತು?

ಅವ್ವಾ,

ನಿನಗೆ ಕಲಬುರಗಿಯಲ್ಲಿ ಕೆಲಸ ಸಿಕ್ಕಿತೆಂದು ಅಣ್ಣ ಹೇಳಿದ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಈ ಐದೂ ಊರುಗಳ ಶಾಖೆಗಳು ಮುಖ್ಯ ಕಚೇರಿಯ ಕಂಪ್ಯೂಟರ್ ಜಾಲಕ್ಕೆ ದಿನವೂ ತೊಂದರೆಯಿಲ್ಲದೆ ಸೇರುವಂತೆ ನೋಡಿಕೊಳ್ಳುವುದು ನಿನ್ನ ಪಾಲಿಗೆ ಬಂದಿದೆಯಂತೆ. ಕೇಳಿ ಬಹಳ ಖುಷಿಯಾಯಿತು. ಇದೇ ಊರುಗಳಲ್ಲಿ, ಮೋಡೆಮ್ ಕಾಲದಲ್ಲಿ, ನಾನೂ ಇದೇ ಕೆಲಸ ಮಾಡಿದವನು. ಅಂದಿನ ಯಂತ್ರಗಳು ಗುಜರಿಗೆ ಹೋದವು. ಆದರೆ ಅವುಗಳ ಜೊತೆ ಒದ್ದಾಡಿ ಕಲಿತದ್ದು ನಿನಗೆ ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ. ಹಾಗೆ ನೋಡಿದರೆ ಇರುವುದು ಒಂದೇ ಮಾತು. ಉಳಿದದ್ದು ಅದರ ವಿವರ.

"ಲೈನ್ ಹತ್ತವಲ್ದ್ರಿ ಮೇಡಂ" ಎಂದು ಶಾಖೆಯಿಂದ ಫೋನ್ ಬಂದಾಗ ಏನನ್ನೂ ಮುಟ್ಟಬೇಡ. ಯಾರ ಮೇಲೂ ಸಿಟ್ಟಾಗಬೇಡ. ಮೊದಲು ಕೇಳು: "ಎಲ್ಲಿವರೆಗೆ ಬಂತು?"

ಸೇಡಂ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುವವರನ್ನು ನೀನು ನೋಡಿದ್ದೀಯ. ಕಲಬುರಗಿ ಕಡೆಯ ಗಾಡಿ ತಡವಾದರೆ ಅವರು ಎಂಜಿನ್ನಿಗೆ ಏನಾಯಿತೋ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. "ವಾಡಿ ಬಿಟ್ಟದೇನ್ರಿ?" ಎಂದು ವಿಚಾರಿಸುತ್ತಾರೆ. ವಾಡಿ ಬಿಟ್ಟಿದ್ದರೆ ಶಹಾಬಾದ ಕಡೆಯ ಚಿಂತೆ ಮುಗಿಯಿತು, ಇನ್ನು ಚಿತ್ತಾಪುರ, ಮಳಖೇಡ ರೋಡ್ ಕಡೆ ನೋಡಿದರೆ ಸಾಕು. ವಾಡಿಗೇ ಬಂದಿಲ್ಲವೆಂದರೆ ಈಚೆಯ ಸ್ಟೇಷನ್ನುಗಳನ್ನು ಕೇಳಿ ಪ್ರಯೋಜನವಿಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾದಿ ಬಿತ್ತು. ಆ ಹಾದಿಯ ಮಗ್ಗುಲಲ್ಲೇ ಬೆಳೆದ ನಮ್ಮ ಜನರಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಒಂದೇ ಪ್ರಶ್ನೆಯಲ್ಲಿ ಅರ್ಧ ಹಾದಿಯನ್ನು ಕೈಬಿಡುವ ಲೆಕ್ಕ ಅದು. ಕಂಪ್ಯೂಟರ್ ಮುಂದೆ ಕೂತೊಡನೆ ಮಾತ್ರ ಅದನ್ನು ಮರೆತುಬಿಡುತ್ತೇವೆ.

ನಾನೂ ಮರೆತಿದ್ದೆ. ಅದನ್ನು ನಿನಗೆ ಹೇಳಲೇಬೇಕು.

ಆಗ ಸೇಡಂ ಶಾಖೆಯವರು ದಿನವೂ ಸಂಜೆ ಟೆಲಿಫೋನ್ ಲೈನಿನ ಮೇಲೆ ಮೋಡೆಮ್ಮಿನಿಂದ ಕಲಬುರಗಿಗೆ ಡಯಲ್ ಮಾಡಿ ದಿನದ ಲೆಕ್ಕ ಕಳಿಸಬೇಕಿತ್ತು. ಒಂದು ಮಳೆಗಾಲದಲ್ಲಿ ವಾರಕ್ಕೆ ಎರಡು-ಮೂರು ದಿನ, ಫೈಲು ಅರ್ಧ ಹೋಗುವಷ್ಟರಲ್ಲಿ ಲೈನು ಕಡಿಯತೊಡಗಿತು. ಅಲ್ಲಿದ್ದ ಗುಮಾಸ್ತರು ವಯಸ್ಸಾದವರು, ಕಂಪ್ಯೂಟರ್ ಮುಟ್ಟಿ ಇನ್ನೂ ವರ್ಷವಾಗಿರಲಿಲ್ಲ. ಅವರು ಮೊದಲ ದಿನವೇ ಹೇಳಿದ್ದರು: "ಮಳಿ ಬಂದ ದಿನಾನೇ ಹಿಂಗ ಆಗ್ತದ ನೋಡ್ರಿ ಸರ." ನಾನು ಅದನ್ನು ಕೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. "ನೀವು ಸರಿಯಾಗಿ ಒತ್ತುತ್ತಿಲ್ಲ, ಪಾಸ್‌ವರ್ಡ್ ನೋಡಿಕೊಳ್ಳಿ" ಎಂದು ಜೋರು ಮಾಡಿದೆ. ಒಮ್ಮೆ ಸಾಗಿದ ಫೈಲು ನಡುವೆ ನಿಂತರೆ ಅದಕ್ಕೂ ಪಾಸ್‌ವರ್ಡಿಗೂ ಸಂಬಂಧವಿಲ್ಲ ಎಂಬಷ್ಟೂ ಯೋಚಿಸಲಿಲ್ಲ.

ಮೊದಲ ಸಲ ಹೋಗಿ ಮೋಡೆಮ್ ಬದಲಿಸಿದೆ. ಬಿಸಿಲಿನ ದಿನ, ಚೆನ್ನಾಗಿ ನಡೆಯಿತು, ವಾಪಸು ಬಂದೆ. ಎರಡನೆಯ ಸಲ ಹೋಗಿ ವಿಂಡೋಸ್ ಹೊಸದಾಗಿ ಹಾಕಿದೆ. ಅದೂ ಬಿಸಿಲಿನ ದಿನ. ಮೂರನೆಯ ಸಲ ಹೊರಟಾಗ ಹಿಂದಿನ ರಾತ್ರಿಯಿಂದ ಮಳೆ ಹಿಡಿದಿತ್ತು. ಮಳಖೇಡದ ಹತ್ತಿರ ಕಾಗಿಣಾ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಶಾಖೆಗೆ ಮುಟ್ಟಿದವನೇ ಅವತ್ತು ಮೊದಲ ಬಾರಿಗೆ ಫೋನಿನ ರಿಸೀವರ್ ಎತ್ತಿ ಕಿವಿಗೆ ಹಿಡಿದೆ. ಡಯಲ್ ಟೋನಿನ ಹಿಂದೆ, ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ, ಚಟಚಟ ಸದ್ದು.

ಕಿಟಕಿಯ ಪಕ್ಕದ ಗೋಡೆಯಲ್ಲಿ ಫೋನ್ ತಂತಿ ಬಂದು ಸೇರುವ ಪುಟ್ಟ ರೋಸೆಟ್ ಡಬ್ಬಿ. ಅದರ ಮುಚ್ಚಳ ತೆಗೆದೆ. ಒಳಗೆ ಎರಡು ತಿರುಪು, ಎರಡು ತಾಮ್ರದ ಎಳೆ. ತಿರುಪುಗಳ ನಡುವೆ ಬೂದು ಬಣ್ಣದ ಧೂಳು ಹೆಪ್ಪುಗಟ್ಟಿ ಕೂತಿತ್ತು. ಸಿಮೆಂಟ್ ಕಾರ್ಖಾನೆಗಳ ಸೀಮೆಯಲ್ಲಿ ಆ ಧೂಳು ಎಲ್ಲಿಲ್ಲ? ಕಿಟಕಿಯಿಂದ ಇಳಿದ ನೀರಿಗೆ ಅದು ಒದ್ದೆಯಾಗಿತ್ತು, ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಒಣಗಿದ್ದಾಗ ಸುಮ್ಮನಿರುವ ಧೂಳು, ತೇವ ತಗುಲಿದೊಡನೆ ಒಂದು ತಂತಿಯಿಂದ ಇನ್ನೊಂದಕ್ಕೆ ಹಾದಿ ಮಾಡಿಕೊಡುತ್ತಿತ್ತು. ಮಾತಾಡುವವರಿಗೆ ಆ ಸದ್ದು ತುಸು ಕಿರಿಕಿರಿ, ಅಷ್ಟೇ. ಮೋಡೆಮ್ಮಿಗೆ ಅದು ಅಕ್ಷರಗಳನ್ನೇ ಅಳಿಸಿಹಾಕುವ ಗದ್ದಲ. ಕೆಟ್ಟ ಎಳೆ ಕತ್ತರಿಸಿ, ಹೊಸದಾಗಿ ಸುಲಿದು, ತಿರುಪು ಬಿಗಿದು, ಡಬ್ಬಿಯನ್ನು ಒಣ ಗೋಡೆಗೆ ಕೂರಿಸಿದೆ. ಅರ್ಧ ಗಂಟೆಯ ಕೆಲಸ. ಆ ಹಿರಿಯರಿಗೆ "ತಪ್ಪಾಯ್ತ್ರಿ, ನೀವು ಮೊದಲೇ ಹೇಳಿದ್ರಿ" ಎಂದೆ. ಅವರು "ಇರ್ಲಿ ಬಿಡ್ರಿ, ಲೈನ್ ಹತ್ತಿತಲ್ಲ" ಎಂದು ಚಹಾ ತರಿಸಿದರು.

ಆಮೇಲೆ ಇನ್ನೊಂದು ಸಂಗತಿಯೂ ಹೊಳೆಯಿತು. ಹಳ್ಳಿಗಳಿಗಾಗಿ ಸರ್ಕಾರಿ ದೂರಸಂಪರ್ಕ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ನಮ್ಮ ಸೆಕೆ, ನಮ್ಮ ಧೂಳು, ಎಸಿ ಇಲ್ಲದ ಕೋಣೆ ಇವನ್ನೆಲ್ಲ ಮೊದಲೇ ಲೆಕ್ಕಕ್ಕೆ ಹಿಡಿದು ಅದನ್ನು ಮಾಡಿದ್ದರು. ನಾವು ಅಂಗಡಿಯಿಂದ ತರುವ ಯಂತ್ರಗಳಿಗೆ ಆ ಅರಿವು ಇರುವುದಿಲ್ಲ. ಆ ಕೊರತೆಯನ್ನು ತುಂಬಬೇಕಾದವಳು ನೀನು. ಯಂತ್ರದ ಜೊತೆಗೆ ಅದು ಕೂತ ಊರನ್ನೂ, ಗೋಡೆಯನ್ನೂ, ಕಿಟಕಿಯನ್ನೂ ನೋಡು.

ಈಗ ಆ ಹಳೆಯ ಹಾದಿಯ ಸ್ಟೇಷನ್ನುಗಳನ್ನು ಒಂದೊಂದಾಗಿ ಹೇಳುತ್ತೇನೆ. ಮೋಡೆಮ್ ನಿನ್ನ ಕೈಗೆ ಸಿಗಲಿಕ್ಕಿಲ್ಲ, ಆದರೆ ಹೊಸ ಹಾದಿಯ ನಕ್ಷೆ ಇದರ ಮೇಲೆಯೇ ನಿಂತಿದೆ.

ಮೊದಲ ಸ್ಟೇಷನ್ ಡಯಲ್ ಟೋನ್. ವಿಂಡೋಸ್ 680 ಎಂಬ ಸಂಖ್ಯೆ ತೋರಿಸಿದರೆ ಟೋನೇ ಸಿಕ್ಕಿಲ್ಲ, ಗಾಡಿ ಮನೆಯಂಗಳವನ್ನೇ ದಾಟಿಲ್ಲ ಎಂದರ್ಥ. ಮೋಡೆಮ್ಮಿಗೆ ಎರಡು ತೂತು ಇರುತ್ತಿದ್ದವು, ಒಂದು ಲೈನಿಗೆ, ಒಂದು ಫೋನಿಗೆ. ಕಸ ಗುಡಿಸುವಾಗ ಕಿತ್ತ ತಂತಿಯನ್ನು ಯಾರೋ ತಪ್ಪು ತೂತಿಗೆ ಹಾಕಿರುತ್ತಿದ್ದರು. ಕಚೇರಿಯಲ್ಲಿ ಒಳಗಿನ ಫೋನುಗಳನ್ನು ಜೋಡಿಸುವ ಇಪಿಎಬಿಎಕ್ಸ್ ಇದ್ದರೆ ಹೊರಗಿನ ಲೈನಿಗೆ ಮೊದಲು ಸೊನ್ನೆ ಒತ್ತಬೇಕು. ಮೋಡೆಮ್ಮಿಗೆ ಸೊನ್ನೆಯ ನಂತರ ಒಂದು ಅಲ್ಪವಿರಾಮವನ್ನೂ ಬರೆದುಕೊಡಬೇಕು. ಆ ಚಿಹ್ನೆ ಕಂಡರೆ ಅದು ಎರಡು ಸೆಕೆಂಡು ಕಾಯುತ್ತದೆ, ಅಷ್ಟರಲ್ಲಿ ಹೊರಗಿನ ಟೋನ್ ಬರುತ್ತದೆ. ಆ ಒಂದು ಅಲ್ಪವಿರಾಮ ಇಲ್ಲದೆ ಇಡೀ ದಿನ ಕೆಲಸ ನಿಂತದ್ದನ್ನು ಕಂಡಿದ್ದೇನೆ.

ಎರಡನೆಯದು ಆಚೆ ಕಡೆಯ ಗಂಟೆ. 676 ಎಂದರೆ ಲೈನ್ ಎಂಗೇಜ್. 678 ಎಂದರೆ ಆಚೆಯವರು ಉತ್ತರಿಸಲಿಲ್ಲ. ಇಲ್ಲಿ ಸಾಮಾನ್ಯವಾಗಿ ಶಾಖೆಯವರ ತಪ್ಪಿರುವುದಿಲ್ಲ, ಮೊದಲು ನೋಡಬೇಕಾದದ್ದು ಮುಖ್ಯ ಕಚೇರಿಯ ಮೋಡೆಮ್ಮನ್ನು. ತಾನಾಗಿ ಕರೆ ಎತ್ತುವ ಮೋಡೆಮ್ಮಿನ ಮುಖದ ಮೇಲೆ 'ಎಎ' ಎಂಬ ದೀಪ ಹತ್ತಿರಬೇಕು. ಕರೆಂಟ್ ಹೋಗಿ ಬಂದಾಗ ಮೋಡೆಮ್ ಎಚ್ಚರವಾದರೂ ಕರೆಗೆ ಕಾಯಬೇಕಾದ ಪ್ರೋಗ್ರಾಂ ಶುರುವಾಗಿರದಿದ್ದರೆ ಗಂಟೆ ಬಾರಿಸುತ್ತಲೇ ಇರುತ್ತದೆ. ಮುಖ್ಯ ಕಚೇರಿಯಲ್ಲಿ ಕೂತವರಿಗೆ ದೋಷ ತಮ್ಮ ಬಗಲಲ್ಲೇ ಇದೆ ಎಂದು ಒಪ್ಪಿಕೊಳ್ಳುವುದು ಕಷ್ಟ. ನೀನು ಮೊದಲು ನಿನ್ನ ಬಗಲನ್ನೇ ನೋಡಿಕೋ.

ಮೂರನೆಯದು ಎರಡು ಮೋಡೆಮ್ಮುಗಳ ಪರಿಚಯ. ಸಿಳ್ಳೆ, ಗೊರಗೊರ, ಸುಯ್ಯೆನ್ನುವ ಸದ್ದು, ಆಮೇಲೆ ಮೌನ. ಅದನ್ನು ಕೇಳಿಯೇ ಲೈನಿನ ಆರೋಗ್ಯ ಹೇಳುತ್ತಿದ್ದೆವು. ಸದ್ದು ನಿಲ್ಲದೆ ಮತ್ತೆ ಮತ್ತೆ ಮೊದಲಿಂದ ಶುರುವಾದರೆ ಲೈನಿನಲ್ಲಿ ಗದ್ದಲವಿದೆ ಎಂದು ತಿಳಿಯಬೇಕು. ಆಗ ವೇಗ ಇಳಿಸಿದರೆ ಎಷ್ಟೋ ಸಲ ಕೆಲಸ ಸಾಗುತ್ತಿತ್ತು. "56ರ ಮೋಡೆಮ್ ಕೊಡಿಸಿದರೂ 33ರ ಮೇಲೆ ಏರುವುದಿಲ್ಲ" ಎಂದು ಬೈಯುವವರೂ ಇದ್ದರು. 56 ಕಿಲೋಬಿಟ್ ವೇಗ ಸಿಗಬೇಕಾದರೆ ಆಚೆ ತುದಿ ಡಿಜಿಟಲ್ ಲೈನಿನ ಮೇಲೆ ಇರಬೇಕು. ಎರಡೂ ತುದಿಯಲ್ಲಿ ಸಾಮಾನ್ಯ ಫೋನ್ ಲೈನಿದ್ದರೆ 33.6ಕ್ಕಿಂತ ಹೆಚ್ಚು ಬರುವುದೇ ಇಲ್ಲ. ಅದು ದೋಷವಲ್ಲ, ಆ ಹಾದಿಯ ಮಿತಿ. ದೋಷ ಯಾವುದು, ಮಿತಿ ಯಾವುದು ಎಂದು ಬಿಡಿಸಿ ಹೇಳುವುದೂ ನಿನ್ನ ಕೆಲಸವೇ.

ನಾಲ್ಕನೆಯದು ಬಾಗಿಲು. 691 ಬಂದರೆ ಹೆಸರೋ ಪಾಸ್‌ವರ್ಡೋ ಒಪ್ಪಿಗೆಯಾಗಿಲ್ಲ. ಜನ ಈ ಸಂಖ್ಯೆ ಕಂಡು ಗಾಬರಿಯಾಗುತ್ತಾರೆ, ನಾನು ಸಮಾಧಾನಪಡುತ್ತಿದ್ದೆ. ತಂತಿ, ಎಕ್ಸ್‌ಚೇಂಜ್, ಎರಡೂ ಮೋಡೆಮ್ ಸರಿ ಇವೆ, ಗಾಡಿ ಬಾಗಿಲವರೆಗೆ ಬಂದಿದೆ ಎಂದಾಯಿತಲ್ಲ! ಕ್ಯಾಪ್ಸ್ ಲಾಕ್, ಅವಧಿ ಮುಗಿದ ಪಾಸ್‌ವರ್ಡ್, ಹೊರಗಿನಿಂದ ಬರಲು ಅನುಮತಿ ಕೊಡದ ಖಾತೆ, ಇಷ್ಟನ್ನು ನೋಡಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಇಂಥ ಹೊತ್ತಿನಲ್ಲಿ ತಂತಿ ಕಿತ್ತು ನೋಡುವುದು ಹೊಟ್ಟೆನೋವಿಗೆ ಕಾಲು ತಿಕ್ಕಿದ ಹಾಗೆ.

ಐದನೆಯದು ಒಳಮನೆ. ಬಾಗಿಲು ತೆರೆದರೂ ಫೈಲು ಕಾಣುವುದಿಲ್ಲ. ಕಂಪ್ಯೂಟರಿಗೆ ವಿಳಾಸ ಸಿಕ್ಕಿತೇ ನೋಡು. ಸಿಕ್ಕಿದ್ದರೆ ಸರ್ವರನ್ನು ಅಂಕಿಯ ವಿಳಾಸದಿಂದ ಕರೆದು ನೋಡು. ಅಂಕಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ಹಾದಿ ಸರಿಯಿದೆ, ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಮಾತ್ರ ಕೆಟ್ಟಿದೆ.

ಈಗ ನಿನ್ನ ಕಾಲಕ್ಕೆ ಬರೋಣ. ತಾಮ್ರದ ಜಾಗದಲ್ಲಿ ಗಾಜಿನ ಎಳೆ ಬಂದಿದೆ, ಡಯಲ್ ಜಾಗದಲ್ಲಿ, ಇಂಟರ್ನೆಟ್ ಮೇಲೆಯೇ ಕಚೇರಿಗೆ ಖಾಸಗಿ ಹಾದಿ ಹಾಕುವ ವಿಪಿಎನ್ ಬಂದಿದೆ. ಸ್ಟೇಷನ್ನುಗಳು ಅವೇ.

ಡಯಲ್ ಟೋನಿನ ಜಾಗದಲ್ಲಿ ಫೈಬರ್ ಡಬ್ಬಿಯ ದೀಪವಿದೆ. 'ಲಾಸ್' ದೀಪ ಕೆಂಪಗಿದ್ದರೆ ಬೆಳಕೇ ಬರುತ್ತಿಲ್ಲ. ಎಳೆ ಎಲ್ಲೋ ತುಂಡಾಗಿದೆ, ಇಲ್ಲವೇ ಮೇಜಿನ ಹಿಂದೆ ಯಾರೋ ಅದನ್ನು ಮಡಚಿದ್ದಾರೆ. ಶಾಖೆಯವರಿಗೆ "ಆಫ್ ಮಾಡಿ ಆನ್ ಮಾಡಿ" ಎಂದು ಹತ್ತು ಸಲ ಹೇಳಿ ದಣಿಸಬೇಡ. ಡಬ್ಬಿಯ ಹಿಂದೆ ಎಳೆ ಮಡಚಿಲ್ಲ ಎಂದು ಖಾತ್ರಿ ಮಾಡಿಕೊಂಡು ತಕ್ಷಣ ದೂರು ಬರೆಸು. ಮಗ್ಗುಲ ರಸ್ತೆಯಲ್ಲಿ ಜೆಸಿಬಿ ಅಗೆಯುತ್ತಿದೆಯೇ ಎಂದೂ ಕೇಳು.

ಕೆಂಪು ದೀಪ ಇಲ್ಲದಿದ್ದೂ ವಿಪಿಎನ್ ಹತ್ತದಿದ್ದರೆ ಶಾಖೆಯವರ ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಒಮ್ಮೆ ಪ್ರಯತ್ನಿಸಲು ಹೇಳು. ಅದೇ ನಿನ್ನ ವಾಡಿ ಜಂಕ್ಷನ್. ಹಾಟ್‌ಸ್ಪಾಟ್‌ನಲ್ಲಿ ಹತ್ತಿದರೆ ಕಂಪ್ಯೂಟರೂ ನಿನ್ನ ಸರ್ವರೂ ಸರಿ ಇವೆ, ದೋಷವಿರುವುದು ಶಾಖೆಯ ರೂಟರಿನಲ್ಲೋ ಆ ಲೈನಿನಲ್ಲೋ. ಅಲ್ಲೂ ಹತ್ತದಿದ್ದರೆ ಕಂಪ್ಯೂಟರನ್ನೂ ಮುಖ್ಯ ಕಚೇರಿಯನ್ನೂ ಪರೀಕ್ಷಿಸು. ವಿಂಡೋಸ್ ಈಗಲೂ ಸಂಖ್ಯೆ ಹೇಳುತ್ತದೆ: 868 ಬಂದರೆ ಸರ್ವರಿನ ಹೆಸರೇ ಸಿಕ್ಕಿಲ್ಲ, 809 ಬಂದರೆ ನಡುವೆ ಯಾವುದೋ ಫೈರ್‌ವಾಲೋ ರೂಟರೋ ತಡೆದಿದೆ. 691 ಹಳೆಯ ಅರ್ಥದಲ್ಲೇ ಇನ್ನೂ ಇದೆ. ಆದ್ದರಿಂದ "ಏನೋ ಎರರ್ ಬಂತು" ಎಂದರೆ ಬಿಡಬೇಡ. ಪರದೆಯ ಫೋಟೋ ತೆಗೆದು ಕಳಿಸಲು ಹೇಳು.

ಎರಡು ತೊಂದರೆ ಬಹಳ ಕಾಡುತ್ತವೆ, ನೆನಪಿಟ್ಟುಕೋ. ಹಳೆಯ ಕಂಪ್ಯೂಟರಿನ ಒಳಗಿನ ಬಟನ್ ಸೆಲ್ ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಸರ್ವರಿನ ಸರ್ಟಿಫಿಕೇಟಿನ ದಿನಾಂಕ ಅದಕ್ಕೆ ಒಪ್ಪಿಗೆಯಾಗುವುದಿಲ್ಲ. ತಾರೀಕು ಸರಿಪಡಿಸಿ ಸೆಲ್ ಬದಲಿಸಿದರೆ ಆಯಿತು. ಇನ್ನೊಂದು, ಶಾಖೆಯ ರೂಟರ್ ಕೊಡುವ ವಿಳಾಸವೂ ಮುಖ್ಯ ಕಚೇರಿಯ ವಿಳಾಸವೂ 192.168.1 ಎಂದೇ ಶುರುವಾಗುವುದು. ವಿಪಿಎನ್ ಸೇರಿದಂತೆ ಕಾಣುತ್ತದೆ, ಏನೂ ತೆರೆಯುವುದಿಲ್ಲ. ಎರಡು ಓಣಿಗೆ ಒಂದೇ ಮನೆ ನಂಬರು ಕೊಟ್ಟಂತೆ ಅದು. ಕಂಪ್ಯೂಟರ್ ತನ್ನ ಓಣಿಯಲ್ಲೇ ಹುಡುಕಿ ಸುಸ್ತಾಗುತ್ತದೆ. ಐದು ಶಾಖೆಗೂ ಬೇರೆ ಬೇರೆ ಸಾಲು ಕೊಟ್ಟು, ಯಾವ ಊರಿಗೆ ಯಾವುದು ಎಂದು ಬರೆದಿಡು.

ಬರೆದಿಡುವ ವಿಷಯ ಬಂತಲ್ಲ. ಊರಿಗೊಂದು ನೋಟ್‌ಬುಕ್ ಮಾಡು. ರೂಟರ್ ಯಾವ ಮೂಲೆಯಲ್ಲಿದೆ, ಆ ಕೋಣೆಯ ಕೀಲಿ ಯಾರ ಹತ್ತಿರ, ದೂರು ಕೊಡುವ ನಂಬರು ಯಾವುದು, ಕಳೆದ ಸಲ ಏನು ಕೆಟ್ಟಿತ್ತು, ಏನು ಬದಲಿಸಿದೆ, ಎಲ್ಲ ಬರಲಿ. ಪಾಸ್‌ವರ್ಡ್ ಮಾತ್ರ ಬರೆಯಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಅದರಿಂದ ಸರಿಹೋಗದಿದ್ದರೆ ಮೊದಲಿನಂತೆ ಮಾಡಿ ಆಮೇಲೆ ಮುಂದಿನದಕ್ಕೆ ಕೈಹಾಕು. ಮೂರನ್ನು ಒಟ್ಟಿಗೆ ಬದಲಿಸಿ ಲೈನ್ ಹತ್ತಿದರೆ ಆ ದಿನ ಗೆದ್ದೆ ಎನಿಸುತ್ತದೆ, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ.

ಚಿಂಚೋಳಿಗೆ ಹೋಗುವಾಗ ಹೆಚ್ಚು ತಯಾರಿ ಬೇಕು. ಉಳಿದ ನಾಲ್ಕು ಊರಿಗೆ ರೈಲಿದೆ, ಅಲ್ಲಿಗಿಲ್ಲ. ಒಂದು ಅಡಾಪ್ಟರ್ ಮರೆತರೆ ಒಂದು ದಿನವೇ ಹೋಯಿತು. ಕೆಲಸ ಮಾಡುತ್ತದೆಂದು ನೀನೇ ಪರೀಕ್ಷಿಸಿದ ಕೇಬಲ್, ಬದಲಿ ಅಡಾಪ್ಟರ್, ಬಟನ್ ಸೆಲ್, ಒಂದು ಒಣ ಬ್ರಷ್ ಚೀಲದಲ್ಲಿ ಸದಾ ಇರಲಿ. ವಾಡಿ, ಶಹಾಬಾದ, ಸೇಡಂ ಕಡೆ ಆ ಬ್ರಷ್ಷಿಗೆ ಕೆಲಸ ತಪ್ಪುವುದಿಲ್ಲ. ಇನ್ನು ಏಪ್ರಿಲ್-ಮೇ ತಿಂಗಳ ಸಿಡಿಲು. ಸಂಜೆ ಮೋಡ ಕವಿದರೆ ಕರೆಂಟಿನ ಪ್ಲಗ್ಗಿನ ಜೊತೆ ಹೊರಗಿನಿಂದ ಬರುವ ತಾಮ್ರದ ತಂತಿಯನ್ನೂ ಕಿತ್ತಿಡಲು ಎಲ್ಲ ಶಾಖೆಗೂ ಹೇಳು. ಪ್ಲಗ್ ಕಿತ್ತು ನೆಮ್ಮದಿಯಾಗಿ ಮನೆಗೆ ಹೋದವರ ಮೋಡೆಮ್, ಫೋನ್ ತಂತಿಯಿಂದ ಬಂದ ಸಿಡಿಲಿಗೆ ಸುಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಎಚ್ಚರ. ಹೊರಗಿನಿಂದ ಒಳಗೆ ಬರುವ ಹಾದಿ ನಮ್ಮವರಿಗೆ ಎಷ್ಟು ಅನುಕೂಲವೋ ಕಳ್ಳರಿಗೂ ಅಷ್ಟೇ. ನಮ್ಮ ಕಾಲದಲ್ಲಿ ಕರೆ ಬಂದರೆ ಮೋಡೆಮ್ ಅದನ್ನು ಕಡಿದು, ಮೊದಲೇ ಬರೆದಿಟ್ಟ ನಂಬರಿಗೆ ತಾನೇ ತಿರುಗಿ ಕರೆ ಮಾಡುವಂತೆ ಇಡುತ್ತಿದ್ದೆವು. ಈಗ ಪಾಸ್‌ವರ್ಡಿನ ಜೊತೆ ಎರಡನೆಯ ಗುರುತು ಕೇಳುವ ವ್ಯವಸ್ಥೆ ಇದೆ. ಕಿರಿಕಿರಿ ಎಂದು ಯಾರು ಎಷ್ಟೇ ಒತ್ತಾಯಿಸಿದರೂ ಅದನ್ನು ತೆಗೆಯಬೇಡ. ರಿಮೋಟ್ ಡೆಸ್ಕ್‌ಟಾಪ್ ಅನ್ನು ವಿಪಿಎನ್ ಇಲ್ಲದೆ ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡ. ಕೆಲಸ ಬಿಟ್ಟವರ ಖಾತೆಯನ್ನು ಅವರು ಬಿಟ್ಟ ದಿನವೇ ಮುಚ್ಚು. ಫೋನಿನಲ್ಲಿ ಯಾರ ಪಾಸ್‌ವರ್ಡನ್ನೂ ಓಟಿಪಿಯನ್ನೂ ಕೇಳಬೇಡ. ನೀನು ಕೇಳಿದರೆ, ನಾಳೆ ನಿನ್ನ ಹೆಸರು ಹೇಳಿಕೊಂಡು ಕೇಳುವ ಮೋಸಗಾರನಿಗೂ ಅವರು ಹೇಳಿಬಿಡುತ್ತಾರೆ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತೇನೆಂದರೆ, ಈ ಲೈನಿನ ತುದಿಯಲ್ಲಿ ಜನ ನಿಂತಿರುತ್ತಾರೆ. 2000ದ ನಂತರದ ಒಂದೆರಡು ವರ್ಷಗಳಲ್ಲಿ ಜಮೀನಿನ ದಾಖಲೆಗಳ ಭೂಮಿ ಯೋಜನೆಯ ಕಂಪ್ಯೂಟರ್ ತಾಲ್ಲೂಕು ಕಚೇರಿಗಳಿಗೆ ಬಂದಾಗ, 15 ರೂಪಾಯಿ ಕೊಟ್ಟರೆ ಕೈಗೆ ಬರುತ್ತಿದ್ದ ಅಚ್ಚಾದ ಪಹಣಿಯನ್ನು ನಮ್ಮ ರೈತರು ಎಷ್ಟು ಜತನದಿಂದ ಮಡಚಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು! ಅಲ್ಲಿಂದ ಇಲ್ಲಿವರೆಗೆ ಒಂದೊಂದೇ ಕೆಲಸ ಕಾಗದದಿಂದ ಪರದೆಗೆ ಬಂದಿದೆ. ಪರದೆ ನಿಂತರೆ ಈಗ ಕಾಗದದ ದಾರಿಯೂ ಇಲ್ಲ. ಚಿಂಚೋಳಿ ತಾಂಡಾದಿಂದ ಒಂದು ದಿನದ ಕೂಲಿ ಬಿಟ್ಟು ಬಂದವಳಿಗೆ "ಸರ್ವರ್ ಇಲ್ಲ, ನಾಳೆ ಬಾ" ಎಂದರೆ ಅವಳಿಗೆ ಹೋಗುವುದು ಎರಡು ದಿನದ ಕೂಲಿ. ನಿನ್ನ ಕೆಲಸವನ್ನು ತೂಗಬೇಕಾದದ್ದು ಆ ತಕ್ಕಡಿಯಲ್ಲಿ.

ಆದ್ದರಿಂದ ನಾಳೆ ಮೊದಲ ಫೋನ್ ಬಂದಾಗ ಹೀಗೆ ಮಾಡು. ಕರೆ ಮಾಡಿದವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡ. ಎಲ್ಲಿವರೆಗೆ ಬಂತು, ಯಾವಾಗ ನಿಂತಿತು, ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ, ಈ ಮೂರನ್ನು ಮೆಲ್ಲಗೆ ಕೇಳು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ತಿದ್ದದೆ, ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆ. ನಿನ್ನ ಊಹೆ ಎರಡನೆಯ ಸಾಲಿನಿಂದ ಶುರುವಾಗಲಿ. ಸೇಡಂನ ಆ ಹಿರಿಯರು ಹೇಳಿದ್ದನ್ನು ನಾನು ಹಾಗೆ ಬರೆದುಕೊಂಡಿದ್ದರೆ ಮೊದಲ ಸಲವೇ ಮಳೆಯ ದಿನ ನೋಡಿ ಬಸ್ಸು ಹತ್ತುತ್ತಿದ್ದೆ, ರಿಸೀವರ್ ಕಿವಿಗೆ ಹಿಡಿಯುತ್ತಿದ್ದೆ.

ದೀಪಾವಳಿಗೆ ಬಾ. ನೋಟ್‌ಬುಕ್ ತಗೊಂಡು ಬಾ, ಕೂತು ಓದೋಣ.

ನಿನ್ನ ಕಾಕಾ